ಇಪ್ಪತ್ತೆರಡು ಜನರ ಒಂದೇ ಪಟ್ಟಿ

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಧ್ವನಿ ಕೇಳಿದೆ. ಒಂಬತ್ತು ದಿನದ ಮೇಲೆ. ಪೂರ್ತಿ ಒಂದು ನಿಮಿಷವೂ ಮಾತಾಡಲು ಬಿಡಲಿಲ್ಲ. "ಆರಾಮ ಅದೀನಿ ಜ್ಯೋತಿ. ಯಾರೂ ಹೊಡೆದಿಲ್ಲ. ಊಟ ಐತಿ. ಅಪ್ಪಗ ಹೇಳು," ಅಂದರು. ಹಿಂದಿನಿಂದ ಯಾರೋ ಗದರಿದರು, ಲೈನು ಕಡಿದುಹೋಯಿತು. ಕೇಳಬೇಕೆಂದು ಜೋಡಿಸಿ ಇಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಾಗಲಿಲ್ಲ. ಬರೀ ಹೂಂ, ಹೂಂ ಅಂದೆ.

ಆಮೇಲೆ ಮಗಳು ಅಕ್ಷಿತಾಳೂ ನಾನೂ ಅನ್ನ, ಸಾರು, ಬೆಳಿಗ್ಗೆ ಉಳಿದಿದ್ದ ರೊಟ್ಟಿ ಎಲ್ಲವನ್ನೂ ತಿಂದು ಪಾತ್ರೆ ಖಾಲಿ ಮಾಡಿದೆವು. ಒಂಬತ್ತು ದಿನದಲ್ಲಿ ಮೊದಲ ಸಲ ಹಸಿವಾಗಿತ್ತು.

ಈ ಡೈರಿಯನ್ನು ಅಂಗಡಿಯ ಶಶಿಕಾಂತ್ ಅವರು ಜನವರಿಯಲ್ಲಿ ಕೊಟ್ಟಿದ್ದರು. ಖಾಲಿ ಬಿದ್ದಿತ್ತು. ಅಕ್ಷಿತಾಳ ಮುಂದೆ ಆಡಬಾರದ ಮಾತುಗಳನ್ನು ಎಲ್ಲಾದರೂ ಇಳಿಸಿ ಇಡಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಿಲ್ಲ. ಜನರ ಮುಂದೆ ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಇಲ್ಲಿ ಕೇಳುವವರು ಯಾರು? ಹೊನ್ನೂರಸ್ವಾಮಿ. ನನ್ನ ಪಾಲಿಗೆ ಬರೀ ಸ್ವಾಮಿ.

ಸ್ವಾಮಿ ಬಳ್ಳಾರಿಯ ನಮ್ಮ ಕೌಲ್ ಬಜಾರಿನ ವರ್ಕ್‌ಶಾಪಿನಲ್ಲೇ ವೆಲ್ಡಿಂಗ್ ಕಲಿತವರು. ಏಳು ವರ್ಷದಿಂದ ಹಡಗಿನಲ್ಲಿ ಫಿಟ್ಟರ್. ಈಗಿನ ಹಡಗು ಗೋಧಿ ಹೊತ್ತು ಹೋಗುತ್ತಿತ್ತು. ಎರಡು ದೇಶಗಳ ನಡುವೆ ಕಿತ್ತಾಟ ನಡೆಯುತ್ತಿರುವ ಕಡೆ, ಇಕ್ಕಟ್ಟಾದ ಸಮುದ್ರದಲ್ಲಿ, ಐದನೇ ತಾರೀಕು ಬಂದೂಕಿನವರು ದೋಣಿಯಲ್ಲಿ ಬಂದು ಹಡಗು ಹಿಡಿದುಕೊಂಡರು. ಆ ಜಗಳಕ್ಕೂ ಗೋಧಿಗೂ ಏನು ಸಂಬಂಧವೋ ಗೊತ್ತಿಲ್ಲ. ಹಡಗಿನಲ್ಲಿ ಇಪ್ಪತ್ತೆರಡು ಜನ. ಆರು ಜನ ನಮ್ಮ ದೇಶದವರು. ಆ ಆರು ಜನ ಸುಖವಾಗಿ ಬಂದರೆ ಸಾಕು. ಉಳಿದವರನ್ನು ಅವರವರ ದೇಶದವರು ನೋಡಿಕೊಳ್ಳಲಿ.

ಸೆಪ್ಟೆಂಬರ್ 16, ಮಂಗಳವಾರ

ಕೆಲಸಕ್ಕೆ ಹೋದೆ. ಕುರುಗೋಡಿನ ತಾಲ್ಲೂಕು ಕಚೇರಿ ಹತ್ತಿರ ಶಶಿಕಾಂತ್ ಅವರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಹನ್ನೆರಡು ವರ್ಷದಿಂದ ಅಲ್ಲಿ ಜನರ ಅರ್ಜಿ ಟೈಪು ಮಾಡುತ್ತಿದ್ದೇನೆ. ಪಹಣಿ ತಿದ್ದುಪಡಿಯೋ, ಪಿಂಚಣಿಯೋ, ದಾರಿ ತಕರಾರೋ, ಯಾವುದಾದರೂ ಸರಿ, ಯಾರಿಗೆ ಬರೆಯಬೇಕು ಎಂದು ಜನ ಬಾಯಿ ಬಿಡುವ ಮೊದಲೇ ಹೇಳಬಲ್ಲೆ.

ಇವತ್ತು ನನ್ನ ಅರ್ಜಿಯನ್ನೇ ಟೈಪು ಮಾಡಲು ಕೂತರೆ ಯಾರಿಗೆ ಎಂಬಲ್ಲೇ ಕೈ ನಿಂತಿತು. ಹಡಗಿನ ಮಾಲೀಕರು ಒಂದು ದೇಶದಲ್ಲಿದ್ದಾರೆ. ಹಡಗಿನ ಮೇಲಿನ ಬಾವುಟ ಇನ್ನೊಂದು ದೇಶದ್ದು. ಆ ದೇಶವನ್ನು ಸ್ವಾಮಿ ಕಣ್ಣಿಂದಲೂ ನೋಡಿಲ್ಲ. ಕೆಲಸಕ್ಕೆ ಸೇರಿಸಿದ ಏಜೆಂಟರು ಮುಂಬೈಯವರು. ಗೋಧಿ ಬೇರೆಯವರದ್ದು. ಹಿಡಿದಿಟ್ಟವರಿಗೆ ತಮ್ಮದೇ ಅನ್ನುವ ಸರ್ಕಾರವೇ ಇಲ್ಲ. ಮುಂಬೈಗೆ ಫೋನು ಮಾಡಿದರೆ ಮಾಲೀಕರನ್ನು ಕೇಳಿ ಅನ್ನುತ್ತಾರೆ. ಮಾಲೀಕರ ಆಫೀಸಿನವರು ಬಾವುಟದ ದೇಶವನ್ನು ತೋರಿಸುತ್ತಾರೆ. ಬಾವುಟದ ದೇಶಕ್ಕೆ ಮೇಲ್ ಹಾಕಿದರೆ, ತಮ್ಮ ಪತ್ರ ತಲುಪಿದೆ ಎಂದು ಯಂತ್ರವೇ ಉತ್ತರ ಕೊಡುತ್ತದೆ. ದೆಹಲಿಯ ಅಧಿಕಾರಿ ಮಾತ್ರ ಮರ್ಯಾದೆಯಿಂದ ಮಾತಾಡಿದರು, ಪ್ರಯತ್ನ ನಡೆದಿದೆ ಅಂದರು.

ಸದ್ಯ, ಅಷ್ಟಾದರೂ ಸಿಕ್ಕಿತು.

ಸೆಪ್ಟೆಂಬರ್ 20, ಶನಿವಾರ

ಅಕ್ಷಿತಾ ಸೆಕೆಂಡ್ ಪಿಯುಸಿ. ಅವಳ ರಾಜ್ಯಶಾಸ್ತ್ರದ ಮೇಷ್ಟ್ರು ವಿರೂಪಾಕ್ಷಪ್ಪನವರು ಚರ್ಚಾ ಸ್ಪರ್ಧೆಗೆ ಅವಳ ಹೆಸರು ಬರೆಸಿದ್ದಾರೆ. ನವೆಂಬರಿನಲ್ಲಿ ಸಿರುಗುಪ್ಪದಲ್ಲಿ. ವಿಷಯ: 'ಜಗತ್ತಿನ ಶಾಂತಿಗೆ ವಿಶ್ವ ಸಂಸತ್ತು ಬೇಕು'. ಇವಳು ಪರವಾಗಿ ಮಾತಾಡಬೇಕಂತೆ.

ಈಗ ಇದೆಲ್ಲ ಬೇಕಾ ಅಂದೆ. ಓದಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ ಅಂದಳು. ಮೇಷ್ಟ್ರು ಕೊಟ್ಟ ಟಿಪ್ಪಣಿ ಓದಿ ಹೇಳಿದಳು. ವಿಶ್ವಸಂಸ್ಥೆಯಲ್ಲಿ ಕೂತಿರುವುದು ಸರ್ಕಾರಗಳು, ಜನ ಅಲ್ಲವಂತೆ. ಐದು ದೇಶಗಳಲ್ಲಿ ಯಾವುದಾದರೂ ಒಂದು ಬೇಡ ಅಂದರೆ ದೊಡ್ಡ ತೀರ್ಮಾನಗಳೆಲ್ಲ ಅಲ್ಲಿಗೇ ನಿಲ್ಲುತ್ತವಂತೆ. ಅದಕ್ಕೆ ಎಲ್ಲ ದೇಶದ ಜನರೂ ಮತ ಹಾಕಿ ಆರಿಸಿದವರ ಒಂದು ಸಭೆ ಇರಬೇಕು, ದೇಶಗಳ ಜಗಳ ಅಲ್ಲಿ ಕಾನೂನಿನಂತೆ ಇತ್ಯರ್ಥವಾಗಬೇಕು ಎಂಬ ವಾದ.

ನಮ್ಮ ಓಣಿಯ ಚರಂಡಿ ಯಾರದ್ದು ಎಂದು ಇನ್ನೂ ತೀರ್ಮಾನ ಆಗಿಲ್ಲ, ಇನ್ನು ಜಗತ್ತು ಅಂದೆ. ಅವಳು ನಕ್ಕಳು. ನಗುವುದನ್ನು ನೋಡಿ ಹಗುರಾಯಿತು, ಮಾತಾಡಲಿ ಬಿಡು ಅಂದುಕೊಂಡೆ.

ಸೆಪ್ಟೆಂಬರ್ 25, ಗುರುವಾರ

ಫಿಲಿಪ್ಪೀನ್ಸಿನಿಂದ ಮಾರಿಸೆಲ್ ಎಂಬ ಹೆಂಗಸು ಮೆಸೇಜು ಮಾಡಿದ್ದಾಳೆ. ಅವಳ ಗಂಡ ಅದೇ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಎಲ್ಲ ಮನೆಯವರನ್ನೂ ಹುಡುಕಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದ್ದಾಳೆ. ಫಿಲಿಪ್ಪೀನ್ಸಿನವರು ಒಂಬತ್ತು, ನಾವು ಆರು, ಉಕ್ರೇನಿನವರು ಮೂರು, ರಷ್ಯಾದವರು ಇಬ್ಬರು, ಈಜಿಪ್ಟಿನವರೊಬ್ಬರು. ಹಡಗಿನ ಅಡುಗೆಯವನು ಯಾಕೂಬ್, ಕರಾಚಿಯವನು. ಅವನ ಅಕ್ಕ ಶಹೀದಾ ಗುಂಪಿನಲ್ಲಿದ್ದಾಳೆ.

ಉಕ್ರೇನಿನ ಕ್ಯಾಪ್ಟನ್ನನ ಹೆಂಡತಿ ಒಕ್ಸಾನಾ, ರಷ್ಯಾದ ಎಂಜಿನಿಯರನ ತಾಯಿ ಗಲೀನಾ, ಇಬ್ಬರೂ ಎಲ್ಲರಿಗೂ ಉತ್ತರ ಕೊಡುತ್ತಾರೆ, ಒಬ್ಬರಿಗೊಬ್ಬರು ಮಾತ್ರ ಕೊಡುವುದಿಲ್ಲ. ಅವರ ದೇಶಗಳ ನಡುವೆ ಯುದ್ಧ. ಒಕ್ಸಾನಾಳ ಮನೆಯ ಮೇಲ್ಛಾವಣಿಯೇ ಹೋಗಿದೆ.

ಶಶಿಕಾಂತ್ ಅವರು ಫೋನು ನೋಡಿ ಗಾಬರಿಯಾದರು. ಪಾಕಿಸ್ತಾನದ ನಂಬರು ಇಟ್ಟುಕೊಳ್ಳಬೇಡ, ನಾಳೆ ಯಾರಾದರೂ ಕೇಳಿದರೆ ನನ್ನ ಅಂಗಡಿಗೂ ಬರುತ್ತದೆ ಅಂದರು. ಅವರು ಕೆಟ್ಟವರಲ್ಲ. ನನಗೂ ಹೆದರಿಕೆಯಾಯಿತು. ಗುಂಪಿನಲ್ಲಿ ಇರುತ್ತೇನೆ, ಆದರೆ ಅವಳ ಜೊತೆ ಮಾತು ಬೇಡ ಎಂದು ತೀರ್ಮಾನಿಸಿದೆ.

ಸೆಪ್ಟೆಂಬರ್ 26, ಶುಕ್ರವಾರ

ಶಹೀದಾ ಗುಂಪಿನಲ್ಲಿ ಉರ್ದುವಿನಲ್ಲಿ ಏನೋ ಹೇಳಿ ಕಳಿಸಿದ್ದಳು. ಯಾರಿಗೂ ಅರ್ಥವಾಗಲಿಲ್ಲ. ಓಣಿಗೆಲ್ಲ ಉರ್ದು ಕೇಳಿಸುವ ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದ ನನಗೆ ಅರ್ಥವಾಗದೆ ಇರುತ್ತದೆಯೇ? ತಮ್ಮನಿಗೆ ಸಕ್ಕರೆ ಕಾಯಿಲೆ, ಮಾತ್ರೆ ತಿಂಗಳಿಗೆ ಸಾಲುವಷ್ಟೇ ಇತ್ತು ಅನ್ನುತ್ತಿದ್ದಳು. ಅಕ್ಷಿತಾಳಿಂದ ಇಂಗ್ಲಿಷಿನಲ್ಲಿ ಬರೆಸಿ ಗುಂಪಿಗೆ ಹಾಕಿದೆ. ಅಷ್ಟೇ.

ಅಕ್ಟೋಬರ್ 5, ಭಾನುವಾರ

ಎರಡನೇ ಫೋನು. ಈ ಸಲ ಮೂರು ನಿಮಿಷ. ಗಡ್ಡ ಬಿಟ್ಟಿದ್ದಾರಂತೆ. ಯಾಕೂಬನಿಗೆ ಮಾತ್ರೆ ಸಿಕ್ಕಿತು, ಯಾರೋ ಹೇಳಿ ಕಳಿಸಿದರಂತೆ ಅಂದರು. ನಾನೇ ಬರೆದದ್ದು ಎಂದು ಹೇಳುವಷ್ಟರಲ್ಲಿ ಅಕ್ಷಿತಾ ಫೋನು ಕಸಿದುಕೊಂಡಳು.

ಸಂತೋಷದಲ್ಲಿ ಬಸ್ಸು ಹಿಡಿದು ಹಚ್ಚೊಳ್ಳಿಗೆ ಹೋದೆವು. ಮಾವ ಹಂಪಯ್ಯನವರು ಗದ್ದೆಯಲ್ಲಿದ್ದರು. ಕಾಲುವೆ ತುಂಬಿ ಹರಿಯುತ್ತಿತ್ತು. ಮಗನ ಗಡ್ಡದ ಸುದ್ದಿ ಕೇಳಿ ಜೋರಾಗಿ ನಕ್ಕರು, ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಉಚ್ಚೆಂಗೆಮ್ಮ ನಮ್ಮ ಜೊತೆಯೇ ಬಳ್ಳಾರಿಗೆ ಬಂದಿದ್ದಾರೆ, ಸ್ವಾಮಿ ಬರುವ ತನಕ ಇರುತ್ತಾರಂತೆ. ಮನೆಯಲ್ಲಿ ಇನ್ನೊಂದು ಜೀವ ಇರುವುದು ಎಷ್ಟೋ ಸಮಾಧಾನ.

ಅಕ್ಟೋಬರ್ 13, ಸೋಮವಾರ

ದೆಹಲಿಯಿಂದ ಫೋನು. ಹಿಡಿದಿಟ್ಟವರು ಭಾರತದ ಆರು ಜನರನ್ನು ಮೊದಲು ಬಿಡಲು ಒಪ್ಪುವಂತೆ ಕಾಣುತ್ತಿದೆ, ಒಂದು ವಾರದಲ್ಲಿ ಆಗಬಹುದು ಅಂದರು. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: ಬೇರೆ ದೇಶದವರ ಜೊತೆ ಸೇರಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ವಿಷಯ ಗೋಜಲಾಗುತ್ತದೆ.

ಸಂಜೆ ಗುಂಪು ತೆರೆದರೆ ಅದೇ ಪತ್ರ. ಮಾರಿಸೆಲ್ ಬರೆದಿದ್ದಾಳೆ. ಪ್ರತಿ ದೇಶವೂ ತನ್ನವರನ್ನು ಬಿಡಿಸಿಕೊಂಡು ಹೋದರೆ ಕೊನೆಗೆ ಕೇಳುವವರಿಲ್ಲದ ದೇಶದವರು ಉಳಿಯುತ್ತಾರೆ. ಆದ್ದರಿಂದ ಇಪ್ಪತ್ತೆರಡು ಹೆಸರಿನ ಒಂದೇ ಪಟ್ಟಿ ಮಾಡಿ, ಎಲ್ಲರನ್ನೂ ಒಟ್ಟಿಗೆ ಬಿಡಬೇಕೆಂದು ಎಲ್ಲ ಸರ್ಕಾರಗಳಿಗೂ, ವಿಶ್ವಸಂಸ್ಥೆಗೂ, ಹಿಡಿದಿಟ್ಟವರ ಜೊತೆ ಮಾತುಕತೆ ನಡೆಸುತ್ತಿರುವ ಅಲ್ಲಿನ ಪಕ್ಕದ ದೇಶದವರಿಗೂ ಕಳಿಸೋಣ ಎಂದು. ಹಡಗಿನಲ್ಲಿರುವ ಒಬ್ಬೊಬ್ಬರ ಮನೆಗೂ ಒಂದೊಂದು ಮತ. ಬರೀ ಹೆಚ್ಚು ಮತ ಬಂದರೆ ಸಾಲದು, ಹದಿನೈದು ಬರಬೇಕು. ಇಲ್ಲದಿದ್ದರೆ ಫಿಲಿಪ್ಪೀನ್ಸಿನ ನಾವು ಒಂಬತ್ತು ಮನೆಯವರೇ ಇನ್ನೊಂದಿಷ್ಟು ಜನರನ್ನು ಸೇರಿಸಿಕೊಂಡು ಎಲ್ಲರ ಪರವಾಗಿ ತೀರ್ಮಾನ ಮಾಡಿದಂತಾಗುತ್ತದೆ ಎಂದು ಅವಳೇ ಬರೆದಿದ್ದಾಳೆ. ಪತ್ರಕ್ಕೆ ಹೂಂ ಅಂದವರ ಹೆಸರಷ್ಟೇ ಕೆಳಗೆ ಬರುತ್ತದೆ.

ಅಕ್ಷಿತಾ ನನ್ನ ಮುಖ ನೋಡಿದಳು. ನಾನು ಫೋನು ಮುಚ್ಚಿದೆ.

ಅಕ್ಟೋಬರ್ 14, ಮಂಗಳವಾರ

ಮತ ಹಾಕಲಿಲ್ಲ. ಒಂದು ವಾರ ಅಂದಿದ್ದಾರೆ. ಬರೀ ಒಂದು ವಾರ.

ಅಕ್ಟೋಬರ್ 16, ಗುರುವಾರ

ಇವತ್ತು ವಿರೂಪಾಕ್ಷಪ್ಪ ಮೇಷ್ಟ್ರು ಮನೆಗೆ ಬಂದಿದ್ದರು, ಯೋಗಕ್ಷೇಮ ವಿಚಾರಿಸಲು. ಅಕ್ಷಿತಾ ಅವರ ಮುಂದೆ ತನ್ನ ಭಾಷಣ ಓದಿದಳು. ಚೆನ್ನಾಗಿತ್ತು, ಆದರೆ ಪುಸ್ತಕ ಓದಿದ ಹಾಗಿತ್ತು. ಅತ್ತೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಸಂಸತ್ತು ಅಂದರೆ ದಿಲ್ಲಿಯಲ್ಲಿ ಇರುವಂಥದ್ದೇ, ಎಲ್ಲ ದೇಶಗಳಿಗೂ ಸೇರಿ ಒಂದು ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಅತ್ತೆ ಹೇಳಿದರು:

"ನಾನು ಸಣ್ಣಾಕಿ ಇದ್ದಾಗ ನನ್ನ ತವರೂರಾಗ ನಮ್ಮನ್ನ ಬಾವಿಗೆ ಬಿಡ್ತಿದ್ದಿಲ್ರಿ. ನಮ್ಮಪ್ಪ ನ್ಯಾಯ ಕೇಳಾಕ ಪಂಚಾಯ್ತಿ ಕಟ್ಟಿಗೆ ಹೋದ. ಕಟ್ಟಿ ಮ್ಯಾಲೆ ಕುಂತವರು ಯಾರು? ಬಾವಿಗೆ ಬಿಡದವರ. ಊರಾಗ ಅವರಿಗಿಂತ ಮ್ಯಾಲೆ ಯಾರೂ ಇದ್ದಿದ್ದಿಲ್ಲ. ಕಾಯಿದೆ ಊರ ಹೊರಗಿಂದ ಬಂತು. ಬಂದ ದಿನಾನ ನೀರು ಸಿಗಲಿಲ್ಲ ಮತ್ತ, ಭಾಳ ವರ್ಷ ಹಿಡೀತು. ಆದ್ರ ನಮ್ಮಪ್ಪಗ ಹೋಗಿ ನಿಲ್ಲಾಕ ಒಂದು ಜಾಗ ಆತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಇದನ್ನು ಭಾಷಣಕ್ಕೆ ಸೇರಿಸಲೇ ಅಜ್ಜಿ ಎಂದು ಅಕ್ಷಿತಾ ಕೇಳಿದಳು. ಊರಿನ ಹೆಸರು ಹೇಳಬೇಡ ಅಂದರು ಅತ್ತೆ.

ಮೇಷ್ಟ್ರು ಹೋದ ಮೇಲೆ ನಾನು ಪತ್ರದ ವಿಷಯ ಅತ್ತೆಗೆ ಹೇಳಿದೆ. ಸಹಿ ಹಾಕು ಎಂದಾಗಲಿ, ಬೇಡ ಎಂದಾಗಲಿ ಹೇಳುತ್ತಾರೆ ಅಂದುಕೊಂಡಿದ್ದೆ. "ನಾ ಏನೂ ಹೇಳಂಗಿಲ್ಲವ್ವ. ನನ್ನ ಮಗ ಅದಾನ ಅಲ್ಲಿ," ಅಂದು ಎದ್ದು ಒಳಗೆ ಹೋದರು.

ಅಷ್ಟರಲ್ಲಿ ಶಹೀದಾಳ ಧ್ವನಿ ಸಂದೇಶ ಬಂತು. ಗುಂಪಿಗಲ್ಲ, ನನಗೊಬ್ಬಳಿಗೇ. ಬೇಡಿಕೊಳ್ಳುತ್ತಾಳೆ ಎಂದು ಹೆದರುತ್ತಲೇ ಕೇಳಿದೆ. ಅವಳು ಹೇಳಿದ್ದು ಬೇರೆ. ಬಾಜಿ, ಅಂದರೆ ಅಕ್ಕಾ, ನಿಮ್ಮವರನ್ನು ಬಿಡುತ್ತಾರೆ ಎಂದು ಕೇಳಿದೆ, ನೀವು ಸಹಿ ಹಾಕಬೇಡಿ, ನಿಮ್ಮವರು ಮನೆಗೆ ಬರಲಿ. ಹೊರಡುವ ಮೊದಲು ಅವರು ನನ್ನ ತಮ್ಮನಿಗೆ ಒಂದು ಮಾತು ಹೇಳಿ ಬರಲಿ: ಎಲ್ಲರಿಗೂ ಬಡಿಸಿ ತಾನು ಉಪವಾಸ ಇರುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು.

ಮೂರು ಸಲ ಕೇಳಿದೆ. ಗುಂಪು ತೆರೆದೆ. ಹದಿಮೂರು ಮತ ಬಿದ್ದಿದ್ದವು. ಅದರಲ್ಲಿ ಒಕ್ಸಾನಾಳದ್ದೂ ಇತ್ತು, ಗಲೀನಾಳದ್ದೂ ಇತ್ತು. ನನ್ನದು ಹದಿನಾಲ್ಕನೆಯದು. ಅರ್ಧ ಗಂಟೆಯಲ್ಲಿ ಕೇರಳದ ಮನೆಯವರೊಬ್ಬರು ಹದಿನೈದನೆಯದು ಹಾಕಿದರು.

ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಅಕ್ಟೋಬರ್ 17, ಶುಕ್ರವಾರ

ಪತ್ರ ಹೋಯಿತು. ಮಾರಿಸೆಲ್ ಬರೆದದ್ದರಲ್ಲಿ ಕಣ್ಣೀರು ಜಾಸ್ತಿ, ಬೇಡಿಕೆ ಎಲ್ಲೋ ಕೆಳಗಿತ್ತು. ಹನ್ನೆರಡು ವರ್ಷದ ಅಭ್ಯಾಸದಿಂದ ಬೇಡಿಕೆಯನ್ನು ಮೊದಲ ಸಾಲಿಗೆ ತಂದೆ. ಹೆಸರುಗಳು ದೇಶದ ಪ್ರಕಾರ ಇದ್ದವು. ಅದನ್ನೂ ಬಿಡಿಸಿ ವಯಸ್ಸಿನ ಪ್ರಕಾರ ಜೋಡಿಸಿದೆ. ಅಕ್ಷಿತಾ ಇಂಗ್ಲಿಷು ತಿದ್ದಿದಳು. ಕೊನೆಗೆ ಹತ್ತೊಂಬತ್ತು ಮನೆಯವರು ಸಹಿ ಹಾಕಿದರು. ಹಾಕದ ಮೂರು ಮನೆಯವರ ಮೇಲೆ ಸಿಟ್ಟಿಲ್ಲ. ಮೂರು ದಿನ ನಾನೂ ಹಾಕಿರಲಿಲ್ಲ.

ಅಕ್ಟೋಬರ್ 19, ಭಾನುವಾರ

ದೆಹಲಿಯ ಅಧಿಕಾರಿ ಫೋನು ಮಾಡಿದರು. ಧ್ವನಿ ಏರಿಸಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಆರು ಜನರ ಬಿಡುಗಡೆ ನಿಂತಿದೆ, ಯಾಕೆ ಎಂದು ಈಗಲೇ ಹೇಳಲಾರೆ, ನಿಮ್ಮ ಹೆಸರೂ ಆ ಪತ್ರದಲ್ಲಿ ಇದೆ ಅಂದರು.

ಏನು ಮಾಡಿಬಿಟ್ಟೆ.

ಅಕ್ಟೋಬರ್ 24, ಶುಕ್ರವಾರ

ವಿಶ್ವಸಂಸ್ಥೆಯಿಂದ ಉತ್ತರ ಬಂತು. ನಿಮ್ಮ ಪತ್ರವನ್ನು ಸಂಬಂಧಪಟ್ಟ ಸದಸ್ಯ ರಾಷ್ಟ್ರಗಳಿಗೆ ಕಳಿಸಲಾಗಿದೆ. ಅಂದರೆ ನಾವು ಆಗಲೇ ಕಳಿಸಿದ ಸರ್ಕಾರಗಳಿಗೇ. ಅಕ್ಷಿತಾ ಅದನ್ನು ಓದಿ, "ಅಮ್ಮ, ಅಲ್ಲಿ ನಾವು ಕುಂತಿಲ್ಲ ನೋಡು," ಅಂದಳು. ಬೈಯಲು ಬಾಯಿ ತೆರೆದೆ, ಬೈಯಲಿಲ್ಲ. ಅಲ್ಲಿ ನಾವು ಕುಂತಿಲ್ಲ ಎನ್ನುವುದು ನಿಜ. ಅವಳ ಟಿಪ್ಪಣಿಯನ್ನು ತೆಗೆದುಕೊಂಡು ನಾನೇ ಮೊದಲಿಂದ ಓದಿದೆ. ಜನಸಂಖ್ಯೆಯ ಮೇಲೆ ಸ್ಥಾನ ಕೊಟ್ಟರೆ ನಮ್ಮಂಥ ದೊಡ್ಡ ದೇಶಗಳೇ ಸಭೆಯನ್ನು ತುಂಬಿಕೊಳ್ಳುತ್ತವೆ, ಅದಕ್ಕೆ ಏನು ಮಾಡುತ್ತಾರೋ ಟಿಪ್ಪಣಿಯಲ್ಲಿ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಮಾರಿಸೆಲ್ ಹೇಳಿದ ಹದಿನೈದರ ಲೆಕ್ಕ.

ನವೆಂಬರ್ 3, ಸೋಮವಾರ

ಬಿಟ್ಟರು. ಇಪ್ಪತ್ತೆರಡು ಜನರನ್ನೂ ಬಿಟ್ಟರು.

ಮಧ್ಯಾಹ್ನ ಎರಡೂವರೆಗೆ ಮೊದಲು ಮಾರಿಸೆಲ್ ಬರೆದಳು, ನಂಬಲಿಲ್ಲ. ಆಮೇಲೆ ಒಕ್ಸಾನಾ ಫೋಟೊ ಹಾಕಿದಳು. ಬಂದರಿನಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ. ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಎಡದಿಂದ ನಾಲ್ಕನೆಯವರು ಸ್ವಾಮಿ, ಗಡ್ಡ ಬಿಳಿಯಾಗಿದೆ. ಪಕ್ಕದಲ್ಲಿ ಕುಳ್ಳಗೆ, ಕೈಯಲ್ಲಿ ಚೀಲ ಹಿಡಿದು ನಿಂತವನು ಯಾಕೂಬನೇ ಎಂದು ಶಹೀದಾಳನ್ನು ಕೇಳಿದೆ. ಹೌದು ಎಂದು ಹೇಳಲೂ ಆಗದೆ ಅಳುತ್ತಿದ್ದಳು.

ಶಶಿಕಾಂತ್ ಅವರು ಅಂಗಡಿ ಮುಚ್ಚಿ, ನನ್ನನ್ನು ಬೈಕಿನಲ್ಲಿ ಬಳ್ಳಾರಿ ತನಕ ಬಿಟ್ಟು ಹೋದರು. ಬಸ್ಸಿಗೆ ಕಾಯುವುದು ಬೇಡ ಅಂದರು. ಅತ್ತೆಗೆ ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟು, ಬಾಬಾಸಾಹೇಬರ ಫೋಟೊ, ಬುದ್ಧನ ಫೋಟೊ ಎರಡಕ್ಕೂ ಕೈ ಮುಗಿದು, ಹಾಗೇ ನೆಲದ ಮೇಲೆ ಮಲಗಿಬಿಟ್ಟರು. ಏನಾಯಿತೋ ಎಂದು ಹೆದರಿದೆ. ಏನಿಲ್ಲ, ನಿದ್ದೆ ಬಂದಿತ್ತು.

ಸಂಜೆ ಮಾತುಕತೆ ನಡೆಸಿದ ದೇಶದ ಅಧಿಕಾರಿ ಮಾರಿಸೆಲ್‌ಗೆ ಹೇಳಿದರಂತೆ: ಆರು ಸರ್ಕಾರಗಳು ಆರು ಪಟ್ಟಿ ಕೊಟ್ಟಿದ್ದವು, ಒಂದೊಂದಕ್ಕೂ ಒಂದೊಂದು ಷರತ್ತು. ನಿಮ್ಮ ಒಂದು ಪಟ್ಟಿ ಹಿಡಿದುಕೊಂಡು ಮಾತಾಡುವುದು ಸುಲಭವಾಯಿತು ಎಂದು. ಪತ್ರದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಒಳಗೆ ಏನೇನು ನಡೆಯಿತೋ ಯಾರಿಗೆ ಗೊತ್ತು. ಆಯಿತಲ್ಲ.

ನವೆಂಬರ್ 4, ಮಂಗಳವಾರ

ಹತ್ತು ಗಂಟೆಯ ತನಕ ಮಲಗಿದ್ದೆ.

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ಬೆಂಗಳೂರಿನ ರೈಲಿನಲ್ಲಿ ಬಂದರು. ನಾನು, ಅಕ್ಷಿತಾ, ಅತ್ತೆ, ಹಚ್ಚೊಳ್ಳಿಯಿಂದ ಬಂದ ಮಾವ, ನಾಲ್ವರೂ ಸ್ಟೇಷನ್ನಿಗೆ ಹೋಗಿದ್ದೆವು. ಗಡ್ಡ ತೆಗೆಸಿಕೊಂಡು ಬಂದಿದ್ದರು. ಮಾವ ಅದನ್ನೇ ಬೇಸರದಿಂದ ಹೇಳಿದರು: ನೋಡಬೇಕಿತ್ತಲ್ಲೋ ಎಂದು. ಸ್ವಾಮಿ ತಂದೆಯ ಹೆಗಲ ಮೇಲೆ ತಲೆ ಇಟ್ಟು ನಿಂತುಬಿಟ್ಟರು. ಹಾಗೆ ನಿಂತದ್ದನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

ಓಣಿಯಲ್ಲಿ ಎಲ್ಲರೂ ಹೊರಗೆ ಬಂದಿದ್ದರು. ಪಕ್ಕದ ಮನೆಯ ಪಾರಮ್ಮ ಆರತಿ ತಂದರೆ, ಎದುರಿನ ಟೈಲರ್ ಸಾಹೇಬರ ಮನೆಯಿಂದ ಖೀರು ಬಂತು. ನಾನು ಎಲ್ಲರಿಗೂ ಚಹಾ ಮಾಡಿದೆ. ಸಕ್ಕರೆ ಹಾಕುವುದನ್ನೇ ಮರೆತಿದ್ದೆನಂತೆ. ಎಲ್ಲರೂ ಸುಮ್ಮನೆ ಕುಡಿದು ಹೋಗಿದ್ದಾರೆ.

ನವೆಂಬರ್ 16, ಭಾನುವಾರ

ಐದು ದಿನ ಅವರು ಮಾತು ಕಡಿಮೆ, ನಿದ್ದೆ ಜಾಸ್ತಿ. ಇವತ್ತು ಊಟ ಆದ ಮೇಲೆ ಅಕ್ಷಿತಾ ಭಾಷಣ ಅಭ್ಯಾಸ ಮಾಡಲು ಮಹಡಿಗೆ ಹೋದಾಗ ತಾವೇ ಶುರು ಮಾಡಿದರು.

ಅಕ್ಟೋಬರ್ 18ನೇ ತಾರೀಕು ಬೆಳಿಗ್ಗೆ ಬಂದೂಕಿನವರು ಆರು ಹೆಸರು ಕೂಗಿದರಂತೆ. ಚೀಲ ಕಟ್ಟಿಕೊಳ್ಳಿ, ನಿಮ್ಮನ್ನು ಬಿಡುತ್ತೇವೆ ಎಂದು. ಸ್ವಾಮಿ ಎಲ್ಲರಿಗಿಂತ ಮೊದಲು ಚೀಲ ಕಟ್ಟಿದರಂತೆ. ಏಣಿಯ ಹತ್ತಿರ ಯಾಕೂಬ್ ಬಂದು ದಾರಿಗೆ ಇರಲಿ ಎಂದು ಬಟ್ಟೆಯಲ್ಲಿ ರೊಟ್ಟಿ ಕಟ್ಟಿ ಕೊಟ್ಟ. ಇವರು ಅವನ ಮುಖ ನೋಡದೆ ತೆಗೆದುಕೊಂಡು ಇಳಿದರು. ಎರಡು ತಾಸು ದೋಣಿಯಲ್ಲಿ ಕೂರಿಸಿ, ಯಾರದೋ ಫೋನು ಬಂದ ಮೇಲೆ ಮತ್ತೆ ಹಡಗಿಗೆ ಹತ್ತಿಸಿದರು. ಹದಿನಾರು ದಿನ ಮತ್ತೆ ಅಲ್ಲೇ.

ಪತ್ರ ಹೋದದ್ದು ಹದಿನೇಳನೇ ತಾರೀಕು. ಮುಚ್ಚಿಡುವುದು ಬೇಡ ಎಂದು ಎಲ್ಲವನ್ನೂ ಹೇಳಿದೆ. ದೆಹಲಿಯವರು ಬೇಡ ಅಂದದ್ದು, ಮೂರು ದಿನ ನಾನು ಸುಮ್ಮನಿದ್ದದ್ದು, ಶಹೀದಾ ಹಾಕಬೇಡಿ ಅಂದ ಮೇಲೂ ಹಾಕಿದ್ದು. "ನಿಮ್ಮನ್ನ ದೋಣಿಯಿಂದ ಹಿಂದಕ್ಕ ಹತ್ತಿಸಿದಾಕಿ ನಾನ ಇರಬೇಕು," ಅಂದೆ.

ಸ್ವಾಮಿ ನೀರಿನ ಚೊಂಬು ತೆಗೆದುಕೊಂಡು ಕುಡಿದು ಇಟ್ಟರು.

"ಬಿಟ್ಟಿದ್ರ ಬರ್ತಿದ್ದೆ ಜ್ಯೋತಿ, ಸುಳ್ಳು ಯಾಕ ಹೇಳ್ಲಿ. ಆದ್ರ ಆ ರೊಟ್ಟಿ ಗಂಟಲಾಗ ಇಳೀತಿದ್ದಿಲ್ಲ. ದೋಣ್ಯಾಗ ಎರಡು ತಾಸು ಕೈಯಾಗ ಹಿಡಕೊಂಡು ಕುಂತಿದ್ದೆ. ಮ್ಯಾಲೆ ಹತ್ತಿದ ಮ್ಯಾಲೆ ಇಬ್ರೂ ಕುಂತು ತಿಂದ್ವಿ."

ನಾನು ಅತ್ತುಬಿಟ್ಟೆ. ಎರಡು ತಿಂಗಳಲ್ಲಿ ಅತ್ತದ್ದು ಇದೇ ಮೊದಲು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಕ್ಷಿತಾ ಕೆಳಗೆ ಬಂದು ಇಬ್ಬರನ್ನೂ ನೋಡಿ ಮತ್ತೆ ಮೇಲೆ ಹೋದಳು.

ನವೆಂಬರ್ 22, ಶನಿವಾರ

ಸಿರುಗುಪ್ಪದಲ್ಲಿ ಸ್ಪರ್ಧೆ. ಎಲ್ಲರೂ ಹೋಗಿದ್ದೆವು. ಅಕ್ಷಿತಾ ಅಜ್ಜಿಯ ಬಾವಿಯ ಕಥೆಯಿಂದ ಶುರು ಮಾಡಿದಳು. ಊರಿನ ಹೆಸರು ಹೇಳಲಿಲ್ಲ. ಅಪ್ಪನ ಹಡಗಿನ ಮಾತನ್ನು ಒಂದೇ ಒಂದು ಸಲ ಆಡಿದಳು. ಮನೆಯಲ್ಲಿ ಪುಸ್ತಕದ ಹಾಗೆ ಓದುತ್ತಿದ್ದವಳು ಇಲ್ಲಿ ಮಾತಾಡಿದಳು.

ವಿರೋಧ ಪಕ್ಷಕ್ಕೆ ಸುನಂದಾ ಎಂಬ ಹುಡುಗಿ, ಬಲು ಚುರುಕು. ದೊಡ್ಡ ದೇಶಗಳು ಈ ಸಂಸತ್ತಿನ ಮಾತು ಕೇಳದಿದ್ದರೆ ಪೊಲೀಸರನ್ನು ಕಳಿಸುತ್ತೀರಾ, ಕಳಿಸಿದರೆ ಅದೂ ಯುದ್ಧವೇ ಅಲ್ಲವೇ ಎಂದು ಕೇಳಿದಳು. ಅಕ್ಷಿತಾ ತಡವರಿಸಿದಳು. ಅಧ್ಯಕ್ಷತೆ ವಹಿಸಿದ್ದ ವಿರೂಪಾಕ್ಷಪ್ಪ ಮೇಷ್ಟ್ರು, ಸಭೆಯಲ್ಲಿ ಯಾರಾದರೂ ಒಂದು ಮಾತು ಸೇರಿಸುವುದಿದ್ದರೆ ಹೇಳಬಹುದು ಅಂದರು. ಯಾರೋ ಎದ್ದರು ಎಂದು ತಿರುಗಿ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಎದ್ದವಳು ನಾನೇ.

"ಆ ಹುಡುಗಿ ಕೇಳಿದ್ದು ಖರೇನ ಐತ್ರಿ," ಅಂದೆ. "ಎಲ್ಲರೂ ಕೇಳ್ತಾರ ಅಂತ ನಾ ಹೇಳಂಗಿಲ್ಲ. ನಮ್ಮ ಗುಂಪಿನ್ಯಾಗ ಇಬ್ರು ಹೆಣ್ಮಕ್ಕಳದಾರ. ಅವರ ಎರಡೂ ದೇಶದಾಗ ಯುದ್ಧ ನಡದೈತಿ. ಅವರು ಒಬ್ರಿಗೊಬ್ರು ಇವತ್ತಿಗೂ ಮಾತಾಡಂಗಿಲ್ಲ. ಆದ್ರ ಒಂದ ಹಾಳ್ಯಾಗ ಇಬ್ರೂ ಹೆಸರು ಬರೆದ್ರು. ಯಾಕಂದ್ರ ಬರಿಯಾಕ ಒಂದು ಹಾಳಿ ಇತ್ತು, ಎಲ್ಲಾರೂ ಒಪ್ಪಿದ ಒಂದು ಪದ್ಧತಿ ಇತ್ತು. ಪೊಲೀಸರು ಆಮ್ಯಾಲಿನ ಮಾತು. ಮೊದಲು ಹಾಳಿ ಆಗಲಿ."

ಹೇಳಿ ಕೂತೆ. ಏನು ಹೇಳಿದೆನೋ. ಮೊದಲ ಬಹುಮಾನ ಸುನಂದಾಗೇ ಬಂತು, ಬರಬೇಕಾದದ್ದೇ. ಅಕ್ಷಿತಾಗೆ ಮೂರನೆಯದು. ಹುಡುಗಿಯರಿಬ್ಬರೂ ನಂಬರು ತೆಗೆದುಕೊಂಡರು. ಮೂರು ಗಂಟೆಯ ಬಸ್ಸು ತಪ್ಪಿತು. ಸ್ವಾಮಿ ಮಿರ್ಚಿ ಬಜ್ಜಿ ಕೊಡಿಸಿದರು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಐದೂ ಜನ ತಿಂದೆವು. ಬಹಳ ಖಾರವಿತ್ತು.

ಡಿಸೆಂಬರ್ 7, ಭಾನುವಾರ

ಎಲ್ಲರೂ ಮನೆಗೆ ಬಂದಾಯಿತು, ಇನ್ನು ಗುಂಪು ಮುಚ್ಚೋಣವೇ ಎಂದು ಮಾರಿಸೆಲ್ ಕೇಳಿದ್ದಳು. ಮತಕ್ಕೆ ಹಾಕಿದೆವು. ಮುಚ್ಚುವುದು ಬೇಡ ಎಂದು ಹದಿನೇಳು ಮತ. ಹಾಗಾದರೆ ಯಾರಾದರೂ ಒಬ್ಬರು ಒಂದು ವರ್ಷ ನೋಡಿಕೊಳ್ಳಬೇಕು, ನನಗೆ ಸಾಕಾಗಿದೆ ಅಂದಳು. ಅದಕ್ಕೂ ಮತ. ನಾನು ಶಹೀದಾಗೆ ಹಾಕಿದೆ. ಸಂಜೆ ನೋಡಿದರೆ ನನಗೇ ಹದಿನಾರು ಬಿದ್ದಿದ್ದವು. ಬರೀ ಅರ್ಜಿ ಟೈಪು ಮಾಡುವವಳು ನಾನು, ಹೀಗೇಕೆ ಮಾಡಿದಿರಿ ಎಂದು ಶಹೀದಾಳನ್ನು ಕೇಳಿದರೆ, ಅದಕ್ಕೇ ಹಾಕಿದ್ದು ಬಾಜಿ ಅಂದಳು. ಹಿಂದೆ ಯಾಕೂಬ್ ಏನೋ ಕೂಗುತ್ತಿದ್ದ. ಸ್ವಾಮಿ ಫೋನು ತೆಗೆದುಕೊಂಡು ಅವನ ಜೊತೆ ಅರ್ಧ ಗಂಟೆ ಉಪ್ಪಿಟ್ಟಿನ ಬಗ್ಗೆ ಮಾತಾಡಿದರು.

ಇವತ್ತು ಮಧ್ಯಾಹ್ನ ಶ್ರೀಲಂಕಾದಿಂದ ಹೊಸ ಹೆಂಗಸೊಬ್ಬಳ ಮೆಸೇಜು ಬಂತು. ಅದೇ ಸಮುದ್ರದಲ್ಲಿ ಮೊನ್ನೆ ಇನ್ನೊಂದು ಹಡಗು ಹಿಡಿದಿದ್ದಾರೆ. ಅವಳ ಗಂಡ ಅದರಲ್ಲಿದ್ದಾನೆ. ಯಾರೋ ನನ್ನ ನಂಬರು ಕೊಟ್ಟರಂತೆ. ನೀವು ಯಾವ ದೇಶದ ಕಚೇರಿ ಎಂದು ಕೇಳಿದ್ದಾಳೆ. ಕಚೇರಿ ಅಲ್ಲ, ನಿನ್ನ ಹಾಗೇ ಕಾದು ಕೂತಿದ್ದವರು, ಮೊದಲು ಊಟ ಮಾಡು ಎಂದು ಬರೆದೆ. ಆಮೇಲೆ ಹಡಗಿನಲ್ಲಿ ಎಷ್ಟು ಜನ ಎಂದು ಕೇಳಿದೆ. ಹದಿನೇಳು ಅಂದಳು. ಸ್ವಲ್ಪ ಹೊತ್ತಿನಲ್ಲಿ ತನ್ನ ದೇಶದ ನಾಲ್ವರ ಹೆಸರು ಕಳಿಸಿದಳು.

ಉಳಿದ ಹದಿಮೂರು ಜನರದ್ದೂ ಕಳಿಸು ಅಂದೆ.